ನಾಚಿಕೆಯ ಪೊಸಮ್ ರ‍್ಯಾಸ್: ನಮ್ಮ ಬಿಸಿಲೂರುಗಳಲ್ಲಿ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಕಡಿಮೆ. ಅದರಲ್ಲಿ ಪೊಸಮ್ ರ‍್ಯಾಸ್ ಎಂಬ ನಾಚಿಕೆ ಸ್ವಭಾವದ ಸಣ್ಣ ಸಮುದ್ರ ಮೀನು ತಂದವರು ಇನ್ನೂ ಕಡಿಮೆ. ತಂದವರೆಲ್ಲ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚೂಕಡಿಮೆ ಅವೇ. ವಿಜಯಪುರದ ಮನೆಯಲ್ಲಿ ಈ ಮೀನು ಸಾಕುತ್ತಾ ನಾನು ಕಲಿತದ್ದನ್ನು, ನಮ್ಮ ನೀರು, ಬಿಸಿಲು, ಕರೆಂಟಿಗೆ ಹೊಂದುವ ಹಾಗೆ ಇಲ್ಲಿ ಬರೆದಿದ್ದೇನೆ.

ತಂದು ನಾಲ್ಕು ದಿನ ಆಯ್ತು, ಕಾಣ್ತಾನೇ ಇಲ್ಲ. ಸತ್ತು ಹೋಯ್ತಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಬಹಳಷ್ಟು ಸಲ ಸತ್ತಿರುವುದಿಲ್ಲ. ಸಮುದ್ರದಲ್ಲಿ ಈ ಮೀನು ಹವಳದ ದಿಬ್ಬಗಳ ಗುಹೆ, ಸಂದು, ಬಿರುಕುಗಳಲ್ಲೇ ಬದುಕುತ್ತದೆ. ಬಯಲಿಗೆ ಬರುವುದು ಅಪರೂಪ. ಹೊಸ ಟ್ಯಾಂಕಿಗೆ ಬಿಟ್ಟ ಕೂಡಲೇ ಸಿಕ್ಕ ಸಂದಿಗೆ ಸೇರಿಕೊಂಡು, ಅಲ್ಲಿಂದಲೇ ಸುತ್ತಲಿನದನ್ನು ನೋಡುತ್ತಿರುತ್ತದೆ. ಕೆಲವು ಎರಡು ದಿನಕ್ಕೆ ಮೂತಿ ತೋರಿಸುತ್ತವೆ, ಕೆಲವಕ್ಕೆ ಎರಡು ಮೂರು ವಾರ ಬೇಕು.

ಈ ಹೊತ್ತಿನಲ್ಲಿ ಕಲ್ಲು ಎತ್ತಿ ಹುಡುಕಬೇಡಿ. ದಯವಿಟ್ಟು ಬೇಡ. ಒಂದು ಸಲ ಕಲ್ಲು ಎತ್ತಿದರೆ ಅದು ಆವರೆಗೆ ಕಂಡುಕೊಂಡಿದ್ದ ಜಾಗವೆಲ್ಲ ಕೆಟ್ಟು ಹೋಗುತ್ತದೆ, ಮತ್ತೆ ಮೊದಲಿನಿಂದ ಹೆದರಬೇಕು. ಅದರ ಬದಲು ಟ್ಯಾಂಕಿನ ಸುತ್ತಲಿನ ನೆಲ, ಓವರ್‌ಫ್ಲೋ ಪೆಟ್ಟಿಗೆ (ತುಂಬಿದ ನೀರು ಹರಿದು ಇಳಿಯುವ ಜಾಗ), ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ನೋಡಿ. ಅಮೋನಿಯಾ ಟೆಸ್ಟ್ ಮಾಡಿ. ಸಣ್ಣ ಟ್ಯಾಂಕಿನಲ್ಲಿ ಮೀನು ಸತ್ತು ಕೊಳೆತರೆ ಅಮೋನಿಯಾ ಏರಬಹುದು. ಏರಿಲ್ಲ ಅಂದರೆ ಕಾಯಿರಿ. ಬೆಳಿಗ್ಗೆ ಲೈಟು ಹತ್ತುವ ಮೊದಲು, ಇಲ್ಲವೇ ಸಂಜೆ ಲೈಟು ಆರುವ ಹೊತ್ತಿಗೆ, ಟ್ಯಾಂಕಿನಿಂದ ನಾಲ್ಕು ಹೆಜ್ಜೆ ದೂರ ಅಲುಗಾಡದೆ ಕೂತು ನೋಡಿ. ಕಲ್ಲಿನ ನೆರಳಲ್ಲಿ ಒಂದು ದೊಡ್ಡ ಕಣ್ಣು ಮೊದಲು ಕಾಣುತ್ತದೆ.

ನಾಚಿಕೆ ಯಾವುದು, ಕಾಯಿಲೆ ಯಾವುದು? ಹೇಗೆ ಗೊತ್ತಾಗುತ್ತೆ?

ಅಡಗಿ ಕೂತ ಮೀನು ಕಣ್ಣು ಹೊರಳಿಸುತ್ತಾ, ಕಲ್ಲಿನ ಮೇಲಿನ ಸಣ್ಣ ಹುಳುಗಳನ್ನು ಹೆಕ್ಕುತ್ತಾ ಇದ್ದರೆ ಚೆನ್ನಾಗಿದೆ. ಜೋರಾಗಿ ಉಸಿರಾಡುವುದು, ಹೊಟ್ಟೆ ಒಳಗೆ ಹೋಗಿರುವುದು, ಮೈಮೇಲೆ ಉಪ್ಪು ಉದುರಿಸಿದಂಥ ಚುಕ್ಕೆ ಅಥವಾ ಮಸುಕು ಪೊರೆ, ಕಲ್ಲಿಗೆ ಮೈ ಉಜ್ಜುವುದು, ಇವು ಕಾಯಿಲೆಯ ಲಕ್ಷಣ. ಇನ್ನೊಂದು ಮುಖ್ಯ ಮಾತು. ಸದಾ ಅಡಗುವ ಈ ಮೀನು ಇದ್ದಕ್ಕಿದ್ದ ಹಾಗೆ ಬಯಲಲ್ಲಿ ಬಿದ್ದುಕೊಂಡಿದ್ದರೆ ಖುಷಿ ಪಡಬೇಡಿ. ಏನೋ ಕೆಟ್ಟಿದೆ, ಕೂಡಲೇ ನೀರು ಪರೀಕ್ಷಿಸಿ.

ಅಂಗಡಿಯಲ್ಲಿ ಗುರುತು ಹಿಡಿಯೋದು ಹೇಗೆ?

ಚೂಪು ಮೂತಿ, ಮೈಗೆ ಹೋಲಿಸಿದರೆ ದೊಡ್ಡ ಕಣ್ಣು, ಕಂದುಗೆಂಪು ಮೈ, ಮೇಲಿಂದ ಕೆಳಕ್ಕೆ ತೆಳುವಾದ ಬಿಳಿ ಅಥವಾ ಹಳದಿ ಗೆರೆಗಳು, ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆ. ಇದರ ಕುಲದ ಹೆಸರು ವೆಟ್‌ಮೊರೆಲ್ಲಾ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ಸಿಗುತ್ತದೆ. ಹಳದಿ ಗೆರೆಯದು ಹೆಚ್ಚೆಂದರೆ 8 ಸೆಂಟಿಮೀಟರ್ ಬೆಳೆಯುತ್ತದೆ, ಬಿಳಿ ಗೆರೆಯದು ಅದಕ್ಕಿಂತ ಚಿಕ್ಕದು.

ಅಂಗಡಿಯಲ್ಲಿ ಎಲ್ಲ ರ‍್ಯಾಸ್‌ಗಳನ್ನೂ ಒಂದೇ ಹೆಸರಲ್ಲಿ ಮಾರುವುದುಂಟು. ಹಸಿರು ನೀಲಿ ಮೈಯ ಮೂನ್ ರ‍್ಯಾಸ್ ಮರಿ ಮುದ್ದಾಗಿ ಕಾಣುತ್ತದೆ. ಬೆಳೆದರೆ ಒಂದು ಗೇಣು ದಾಟುತ್ತದೆ, ಜೊತೆಯ ಸಣ್ಣ ಮೀನು ಸೀಗಡಿಗಳನ್ನು ಉಳಿಸುವುದಿಲ್ಲ. ಬೇರೆ ಮೀನುಗಳ ಮೈಯ ಪರಾವಲಂಬಿಗಳನ್ನು ತಿಂದು ಬದುಕುವ ಕ್ಲೀನರ್ ರ‍್ಯಾಸ್ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಮನೆಯ ಟ್ಯಾಂಕಿನಲ್ಲಿ ಅದಕ್ಕೆ ಹೊಟ್ಟೆ ತುಂಬುವುದಿಲ್ಲ, ಬಹುತೇಕ ಉಪವಾಸದಿಂದಲೇ ಸಾಯುತ್ತದೆ.

ತರುವ ಮೊದಲು ಅಂಗಡಿಯವರಿಗೆ ನಿಮ್ಮ ಎದುರೇ ಊಟ ಹಾಕಲು ಹೇಳಿ. ಹೆಕ್ಕಿ ತಿನ್ನದ ಮೀನು ಬೇಡ.

ಎಷ್ಟು ದೊಡ್ಡ ಟ್ಯಾಂಕ್ ಬೇಕು? ಹೊಸ ಟ್ಯಾಂಕಿಗೆ ಬಿಡಬಹುದಾ?

ಒಂದು ಮೀನಿಗೆ 80 ರಿಂದ 100 ಲೀಟರ್ ಸಾಕು. ಗಾತ್ರಕ್ಕಿಂತ ಟ್ಯಾಂಕಿನ ವಯಸ್ಸು ಮುಖ್ಯ. ಸೈಕಲ್ (ನೀರಿನ ಕೊಳೆ ಕಳೆಯುವ ಬ್ಯಾಕ್ಟೀರಿಯಾ ಬೆಳೆಯುವ ಕಾಲ) ಮುಗಿದು ಅಮೋನಿಯಾ, ನೈಟ್ರೈಟ್ ಸೊನ್ನೆ ಆಗುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಆದರೆ ಅಷ್ಟಕ್ಕೇ ಈ ಮೀನು ತರಬೇಡಿ. ಕಲ್ಲಿನ ತುಂಬ ಕೋಪಿಪಾಡ್, ಆಂಫಿಪಾಡ್‌ನಂಥ ಸಣ್ಣ ಜೀವಿಗಳು ಹೆಚ್ಚಾಗಬೇಕು. ರಾತ್ರಿ ಟಾರ್ಚ್ ಬಿಟ್ಟರೆ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಓಡಾಡುವುದು ಕಾಣಬೇಕು. ಒಣ ಕಲ್ಲಿನಿಂದ ಶುರು ಮಾಡಿದ್ದರೆ ಇದಕ್ಕೆ ಐದಾರು ತಿಂಗಳು ಹಿಡಿಯುತ್ತದೆ. ಹವ್ಯಾಸಿಗಳ ಹತ್ತಿರ ಕೋಪಿಪಾಡ್ ಕಲ್ಚರ್ ಸಿಕ್ಕರೆ ರಾತ್ರಿ ಲೈಟ್ ಆರಿಸಿ ಟ್ಯಾಂಕಿಗೆ ಸುರಿಯಿರಿ. ನಾಚಿಕೆಯ ಮೀನು ಮೊದಲ ವಾರ ನೀವು ಹಾಕಿದ್ದನ್ನು ತಿನ್ನದೇ ಇದ್ದರೂ ಈ ಜೀವಿಗಳನ್ನು ತಿಂದು ಬದುಕಿಕೊಳ್ಳುತ್ತದೆ.

ಕಲ್ಲು ಹೇಗೆ ಜೋಡಿಸಬೇಕು? ಜಾಸ್ತಿ ಸಂದು ಇಟ್ಟರೆ ಮೀನು ಕಾಣೋದೇ ಇಲ್ಲ ಅಲ್ವಾ?

ಇಲ್ಲ, ನಡೆಯುವುದು ಇದಕ್ಕೆ ಉಲ್ಟಾ. ಅಡಗಲು ಒಂದೇ ಜಾಗ ಇದ್ದರೆ ಮೀನು ಅದನ್ನು ಬಿಟ್ಟು ಕದಲುವುದಿಲ್ಲ. ಸ್ವಲ್ಪ ದೂರದಲ್ಲಿ ಇನ್ನೊಂದು ಸಂದು ಇದೆ ಎಂದು ಗೊತ್ತಿದ್ದರೆ ಧೈರ್ಯವಾಗಿ ಹೊರಗೆ ಬಂದು ಅಲ್ಲಿಗೆ ಹೋಗುತ್ತದೆ. ಈ ಮೀನನ್ನು ಕಣ್ತುಂಬ ನೋಡಬೇಕು ಅನ್ನುವವರು ಅಡಗುವ ಜಾಗ ಹೆಚ್ಚು ಮಾಡಬೇಕು. ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು ಇದು.

ಕಲ್ಲನ್ನು ಹಿಂಬದಿಯ ಗಾಜಿಗೆ ಗೋಡೆಯಂತೆ ಒಟ್ಟಬೇಡಿ. ಎರಡು ಅಥವಾ ಮೂರು ಗುಡ್ಡೆ ಮಾಡಿ, ನಡುವೆ ಕಮಾನು ಬಿಡಿ. ಪ್ರತಿ ಗುಹೆಗೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗುಹೆಯಲ್ಲಿ ಜಗಳಗಂಟ ಮೀನು ಅಡ್ಡ ನಿಂತರೆ ಇದಕ್ಕೆ ದಾರಿ ಇಲ್ಲ. ಗುಹೆಗಳ ಒಂದು ಬಾಯಿ ನೀವು ಕೂರುವ ಕಡೆ ಇರಲಿ, ಆಗ ಅದು ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಿಮ್ಮ ಕಣ್ಣೆದುರೇ ದಾಟುತ್ತದೆ. ಕೆಳಗಿನ ಕಲ್ಲು ಗಾಜಿನ ತಳದ ಮೇಲೆ ಕೂರಬೇಕು, ಮರಳಿನ ಮೇಲಲ್ಲ. ಮರಳು ಜಾರಿದರೆ ಗುಡ್ಡೆ ಕುಸಿಯುತ್ತದೆ.

ಬಾದಾಮಿಯ ಕೆಂಪು ಕಲ್ಲು, ಹೊಳೆಯ ಉಸುಕು ಹಾಕಬಹುದಾ? ನೋಡೋಕೆ ಚೆಂದ ಇರುತ್ತೆ.

ಬೇಡ. ಬಾದಾಮಿ ಕಲ್ಲಿನ ಕೆಂಪು ಬಣ್ಣ ಕಬ್ಬಿಣದ ಅಂಶದಿಂದ ಬಂದದ್ದು. ಮರಳುಗಲ್ಲು ನೀರಲ್ಲಿ ಉದುರುತ್ತದೆ ಕೂಡ. ಹೊಳೆಯ ಉಸುಕಿನಲ್ಲಿ ಏನೇನು ಸೇರಿದೆಯೋ ಹೇಳಲಾಗದು. ಅರಾಗೊನೈಟ್ ಎಂಬ ಸುಣ್ಣದ ಅಂಶದ ಮರಳು ಮತ್ತು ರಂಧ್ರಗಳಿರುವ ಒಣ ಕಲ್ಲು ಅಥವಾ ಸೆರಾಮಿಕ್ ಕಲ್ಲು ಬಳಸಿ. ಆ ರಂಧ್ರಗಳಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ, ಕೋಪಿಪಾಡ್ ಬೆಳೆಯುತ್ತವೆ.

ಚೋರ್ಲಾ ಘಾಟ್ ಇಳಿದರೆ ಗೋವಾ. ಸಮುದ್ರದಿಂದಲೇ ಕಲ್ಲು ತಂದರೆ?

ಹವಳ, ಹವಳದ ಕಲ್ಲು ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ, ಸಮುದ್ರಕುದುರೆಗೆ ರಕ್ಷಣೆ ಇದೆ. ತಂದರೆ ಅಪರಾಧ. ಅಂಗಡಿಯವರು "ಲೋಕಲ್ ಲೈವ್ ರಾಕ್" ಎಂದು, ಅಂದರೆ ಇಲ್ಲಿನ ಸಮುದ್ರದಿಂದ ತೆಗೆದ ಜೀವಂತ ಕಲ್ಲು ಎಂದು, ತೋರಿಸಿದರೂ ತಗೋಬೇಡಿ. ಆ ಕಲ್ಲು ಎಷ್ಟೋ ಮೀನುಗಳ ಮನೆ.

ನಮ್ಮ ಬೋರ್‌ವೆಲ್ ನೀರು ನಡೆಯುತ್ತಾ? ಮನೆಯ ಆರ್‌ಓ ನೀರು?

ಬೋರ್ ನೀರು ಖಂಡಿತ ಬೇಡ. ನಮ್ಮ ಕಡೆ ಅದು ಬಹಳ ಗಡಸು. ವಿಜಯಪುರ, ಬಾಗಲಕೋಟೆಯ ನಲ್ಲಿಯಲ್ಲಿ ಬರುವ ನೀರಾಗಲಿ, ಬೆಳಗಾವಿಗೆ ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬರುವ ನೀರಾಗಲಿ, ಅದರಲ್ಲಿ ಕ್ಲೋರಿನ್ ಇರುತ್ತದೆ. ನೇರ ಬಳಸುವಂತಿಲ್ಲ. ಕುಡಿಯುವ ಆರ್‌ಓ ಯಂತ್ರಗಳು ರುಚಿಗಾಗಿ ಸ್ವಲ್ಪ ಲವಣ ಉಳಿಸಿಕೊಳ್ಳುತ್ತವೆ. ಆರ್‌ಓ ಆದ ಮೇಲೆ ಉಳಿದ ಲವಣ ಹೀರುವ ಡಿಐ ರೆಸಿನ್ ದಾಟಿಸಿ, ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಯಂತ್ರ) ಸೊನ್ನೆ ತೋರಿಸುವ ನೀರಿಗೆ ಸಾಲ್ಟ್ ಮಿಕ್ಸ್ (ಸಮುದ್ರ ಮೀನಿನ ಟ್ಯಾಂಕಿಗೆಂದೇ ಸಿಗುವ ಉಪ್ಪು) ಕಲಸಿ. ಅಡುಗೆ ಉಪ್ಪು, ಕಲ್ಲುಪ್ಪು ಇದಕ್ಕೆ ಆಗುವುದಿಲ್ಲ.

ಉಪ್ಪಿನ ಅಂಶ ಲೀಟರಿಗೆ 35 ಗ್ರಾಂ ಆಸುಪಾಸು, ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.025 ರಿಂದ 1.026. ಪಿಎಚ್ 8.1 ರಿಂದ 8.4. ನೈಟ್ರೇಟ್ 20 ಪಿಪಿಎಂ ಒಳಗೆ. ವಾರಕ್ಕೆ ಹತ್ತು ಲೀಟರ್ ಬದಲಿಸಿದರೆ ತಿಂಗಳಿಗೆ ಒಂದೂವರೆ ಕಿಲೋ ಸಾಲ್ಟ್ ಮಿಕ್ಸ್ ಬೇಕಾಗುತ್ತದೆ, ಲೆಕ್ಕಕ್ಕೆ ಇಟ್ಟುಕೊಳ್ಳಿ.

ಏಪ್ರಿಲ್, ಮೇ ಬಿಸಿಲು ಹೇಗೆ ತಡೆಯೋದು? ನೀರು ತಂಪು ಮಾಡುವ ಚಿಲ್ಲರ್ ಬೇಕೇ ಬೇಕಾ?

ಮೀನಿಗೆ 24 ರಿಂದ 27 ಡಿಗ್ರಿ ಹಿತ. ವಿಜಯಪುರ, ಬಾಗಲಕೋಟೆಯಲ್ಲಿ ಹೊರಗೆ 40 ದಾಟುವಾಗ ಮನೆಯೊಳಗಿನ ಟ್ಯಾಂಕ್ 32, 33ಕ್ಕೆ ಏರುವುದು ಕಷ್ಟವೇನಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಅದೇ ಹೊತ್ತಿಗೆ ಮೀನಿಗೆ ಹೆಚ್ಚು ಬೇಕಾಗುತ್ತದೆ.

ನಮ್ಮ ಬೇಸಿಗೆಯ ಗಾಳಿ ಒಣ. ಅದು ನಮಗೆ ಸಿಕ್ಕ ಅನುಕೂಲ. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯವರಿಗೆ ಇದು ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಆದರೆ ಅದೇ ಕೋಣೆಯಲ್ಲಿ ನೀರು ಹಾಕುವ ಕೂಲರ್ ಓಡಿಸಿ, ಕಿಟಕಿ ಮುಚ್ಚಿದರೆ ಗಾಳಿ ತೇವವಾಗಿ ಫ್ಯಾನಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಕೂಲರ್ ಇದ್ದರೆ ಎದುರಿನ ಕಿಟಕಿ ತೆರೆದಿಡಿ.

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 100 ಲೀಟರ್ ಟ್ಯಾಂಕಿನಲ್ಲಿ ಕಲ್ಲು ಬಿಟ್ಟು 85 ಲೀಟರ್ ನೀರು ಇದೆ ಅಂದುಕೊಳ್ಳಿ. ಒಂದು ದಿನಕ್ಕೆ ಮೂರು ಲೀಟರ್ ಹೋದರೆ 35 ಇದ್ದ ಉಪ್ಪು 36 ದಾಟುತ್ತದೆ. ಎರಡು ದಿನ ಮರೆತರೆ 37ಕ್ಕೂ ಮೇಲೆ. ಹಾಗಾಗಿ ದಿನಕ್ಕೆರಡು ಸಲ ಉಪ್ಪಿಲ್ಲದ ಆರ್‌ಓ ಡಿಐ ನೀರು ತುಂಬಿ, ಇಲ್ಲವೇ ಆಟೋ ಟಾಪ್‌ಅಪ್ ಹಾಕಿಸಿ. ಲೈಟನ್ನು ಮಧ್ಯಾಹ್ನದ ಬದಲು ಸಂಜೆಗೆ ಹಾಕಿ. ಇಷ್ಟೆಲ್ಲ ಮಾಡಿಯೂ 29ರ ಕೆಳಗೆ ಬರದಿದ್ದರೆ ಚಿಲ್ಲರ್ ಬೇಕೇ ಬೇಕು. ಅದಕ್ಕೆ ಹಣ ಇಲ್ಲ ಅನ್ನುವವರು ಈ ಮೀನು ತರುವುದನ್ನು ಮುಂದಕ್ಕೆ ಹಾಕುವುದೇ ಸರಿ.

ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿನವರಿಗೆ ಬೇಸಿಗೆಯ ಕಷ್ಟ ಕಡಿಮೆ.

ಚಳಿಗಾಲಕ್ಕೆ ಹೀಟರ್ ಬೇಕಾ?

ಬೇಕು. ಡಿಸೆಂಬರ್, ಜನವರಿ ರಾತ್ರಿ ಮೂರೂ ಜಿಲ್ಲೆಗಳಲ್ಲಿ ಚಳಿ ಚೆನ್ನಾಗಿ ಇಳಿಯುತ್ತದೆ. ಹಗಲು ರಾತ್ರಿಯ ಏರಿಳಿತ ಮೀನಿಗೆ ಕೆಟ್ಟದ್ದು. 100 ಲೀಟರಿಗೆ 100 ವ್ಯಾಟ್ ಹೀಟರ್ ಸಾಕು.

ಕರೆಂಟ್ ಹೋದರೆ?

ಮೊದಲು ನೀರು ಅಲುಗಾಡುತ್ತಿರಬೇಕು, ಉಳಿದದ್ದು ಆಮೇಲೆ. ನೀರು ಅಲುಗಾಡಿಸುವ ವೇವ್‌ಮೇಕರ್ ಪಂಪು ತಿನ್ನುವುದು ಹತ್ತು ವ್ಯಾಟ್ ಆಸುಪಾಸು. ಮನೆಯ ಇನ್ವರ್ಟರಿನ ಒಂದು ಪಾಯಿಂಟನ್ನು ಅದಕ್ಕೇ ಕೊಟ್ಟರೆ ರಾತ್ರಿಯಿಡೀ ಓಡುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ಕರೆಂಟ್ ಇಲ್ಲದಾಗ ಊಟ ಹಾಕಬೇಡಿ.

ಏನು ಹಾಕಬೇಕು, ಹೇಗೆ ಹಾಕಬೇಕು?

ಇದು ಸಣ್ಣ ಸೀಗಡಿಯಂಥ ಜೀವಿಗಳನ್ನು ತಿನ್ನುವ ಮೀನು. ಫ್ರೋಜನ್ ಮೈಸಿಸ್, ಆರ್ಟೀಮಿಯಾ, ಸೈಕ್ಲಾಪ್ಸ್ ಒಳ್ಳೆಯದು. ಬಾಯಿ ಚಿಕ್ಕದು, ಮೈಸಿಸ್ ದೊಡ್ಡದಿದ್ದರೆ ಕತ್ತರಿಸಿ. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಸ್ವಲ್ಪವೇ.

ಹಾಕುವ ರೀತಿಯಲ್ಲೇ ಎಲ್ಲ ಇದೆ. ವೇವ್‌ಮೇಕರ್ ಹತ್ತು ನಿಮಿಷ ನಿಲ್ಲಿಸಿ. ಕ್ಲೌನ್ ಮೀನಿನಂಥ ಹೊಟ್ಟೆಬಾಕರಿಗೆ ಟ್ಯಾಂಕಿನ ಒಂದು ತುದಿಯಲ್ಲಿ ಮೊದಲು ಹಾಕಿ. ಅವು ಅಲ್ಲಿ ಮುತ್ತಿದಾಗ ಇನ್ನೊಂದು ತುದಿಯಲ್ಲಿ, ಪೊಸಮ್ ಕೂತ ಸಂದಿನ ಬಾಯಿಗೆ, ಉದ್ದ ಪಿಪೆಟ್‌ನಿಂದ ನಿಧಾನವಾಗಿ ಬಿಡಿ. ನಿತ್ಯ ಅದೇ ಹೊತ್ತು, ಅದೇ ಜಾಗ. ಪಿಪೆಟ್ ಕಂಡರೆ ಊಟ ಎಂದು ಬೇಗ ಕಲಿಯುತ್ತದೆ. ಆಮೇಲೆ ನಿಮ್ಮನ್ನು ಕಂಡರೂ ಹೆದರುವುದಿಲ್ಲ.

ಫ್ರೋಜನ್ ಮುಟ್ಟದಿದ್ದರೆ ಆರ್ಟೀಮಿಯಾ ಮೊಟ್ಟೆ ಮರಿ ಮಾಡಿ. ಉಪ್ಪುನೀರು, ಗಾಳಿಯ ಗುಳ್ಳೆ, 26ರಿಂದ 28 ಡಿಗ್ರಿ ಇದ್ದರೆ 24 ರಿಂದ 36 ಗಂಟೆಗೆ ಮರಿಗಳು ಈಜುತ್ತವೆ. ಓಡಾಡುವ ಊಟ ಕಂಡರೆ ಎಂಥ ಹೆದರುಪುಕ್ಕ ಮೀನೂ ಬಾಯಿ ಹಾಕುತ್ತದೆ.

ನಮ್ಮದು ಸಸ್ಯಾಹಾರಿ ಮನೆ. ಮೈಸಿಸ್ ಫ್ರಿಜ್‌ನಲ್ಲಿ ಇಡೋಕೆ ಅವ್ವ ಒಪ್ಪಲ್ಲ.

ಅವ್ವನ ಮಾತಿಗೆ ಬೆಲೆ ಕೊಡಿ. ಈ ಮೀನಿಗೆ ಸೊಪ್ಪು, ಚಪಾತಿ ಪುಡಿ ಆಗುವುದಿಲ್ಲ, ಮಾಂಸಾಹಾರವೇ ಬೇಕು. ಇದನ್ನು ತರುವ ಮೊದಲೇ ಮನೆಯಲ್ಲಿ ಹೇಳಿ. ಕೆಲವರು ಟ್ಯಾಂಕಿನ ಕೋಣೆಯಲ್ಲೇ ಸಣ್ಣ ಫ್ರೀಜರ್ ಇಟ್ಟುಕೊಂಡಿದ್ದಾರೆ, ಅಡುಗೆ ಮನೆಗೆ ಅದರ ಸಂಬಂಧ ಇಲ್ಲ. ಅದಕ್ಕೂ ಒಪ್ಪಿಗೆ ಇಲ್ಲದಿದ್ದರೆ ಕದ್ದುಮುಚ್ಚಿ ಸಾಕಬೇಡಿ. ಮುಚ್ಚುಮರೆಯ ಮನೆಯಲ್ಲಿ ಮೀನಿನ ಊಟವೇ ಮೊದಲು ತಪ್ಪುತ್ತದೆ.

ಜೊತೆಗೆ ಯಾವ ಮೀನು ಇರಬಹುದು?

ಫೈರ್‌ಫಿಷ್, ಸಣ್ಣ ಗೋಬಿಗಳು, ಕಾರ್ಡಿನಲ್, ಶಾಂತ ಸ್ವಭಾವದ ಒಂದು ಜೋಡಿ ಕ್ಲೌನ್. ಡ್ಯಾಮ್ಸೆಲ್, ಡಾಟಿಬ್ಯಾಕ್, ಹಾಕ್‌ಫಿಷ್ ಬೇಡ. ಸಿಕ್ಸ್‌ಲೈನ್ ರ‍್ಯಾಸ್ ಅಂತೂ ಬೇಡವೇ ಬೇಡ. ಗಾತ್ರದಲ್ಲಿ ಇದರಷ್ಟೇ, ಆದರೆ ಅದೇ ಸಂದುಗಳು ತನ್ನವು ಎಂದು ಬೆನ್ನಟ್ಟುತ್ತದೆ. ಸಾಧ್ಯವಾದರೆ ಪೊಸಮ್ ಅನ್ನೇ ಮೊದಲು ಬಿಡಿ, ಉಳಿದವು ಆಮೇಲೆ ಬರಲಿ. ಆಗಲೇ ಮೀನು ಇದ್ದರೆ ತೂತುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೆಲವು ದಿನ ಟ್ಯಾಂಕಿನೊಳಗೇ ಇಟ್ಟು ಪರಿಚಯ ಮಾಡಿಸಿ. ಹವಳ, ದೊಡ್ಡ ಸೀಗಡಿ, ಬಸವನಹುಳುವಿಗೆ ಇದರಿಂದ ತೊಂದರೆ ಇಲ್ಲ.

ಎರಡು ಇಡಬಹುದಾ?

100 ಲೀಟರಿನಲ್ಲಿ ಒಂದೇ ಇರಲಿ.

ರಾತ್ರಿ ಮರಳಲ್ಲಿ ಹೂತುಕೊಳ್ಳುತ್ತಾ?

ಇಲ್ಲ, ಕಲ್ಲಿನ ಸಂದಿನಲ್ಲೇ ಮಲಗುತ್ತದೆ. ಮರಳಲ್ಲಿ ಹೂತುಕೊಳ್ಳುವುದು ಲೆಪರ್ಡ್ ರ‍್ಯಾಸ್‌ನಂಥವು.

ಮುಚ್ಚಳ ಬೇಕಾ? ಇಷ್ಟು ನಾಚಿಕೆಯ ಮೀನು ಜಿಗಿಯುತ್ತಾ?

ಹೆದರಿದರೆ ಜಿಗಿಯುತ್ತದೆ. ರಾತ್ರಿ ಇದ್ದಕ್ಕಿದ್ದಂತೆ ಕೋಣೆಯ ಲೈಟ್ ಹಾಕಿದರೂ ಸಾಕು. ಗಾಜಿನ ಮುಚ್ಚಳ ಬೇಸಿಗೆಯಲ್ಲಿ ಬಿಸಿ ಹಿಡಿದಿಡುತ್ತದೆ, ಆದ್ದರಿಂದ ಚೌಕಟ್ಟಿಗೆ ಬಿಗಿದ 5 ಮಿಲಿಮೀಟರ್ ಕಣ್ಣಿನ ಜಾಲರಿ ಹಾಕಿ. ಪೈಪು, ವಯರ್ ಹೋಗುವ ಮೂಲೆಯನ್ನೂ ಮುಚ್ಚಿ. ಮೀನು ಹೋಗುವುದು ಅಲ್ಲಿಂದಲೇ.

ಬೆಂಗಳೂರು, ಮುಂಬೈಯಿಂದ ಪಾರ್ಸೆಲ್ ತರಿಸಿದರೆ ಚೀಲ ಹೇಗೆ ಬಿಡಿಸಬೇಕು?

ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ರಾತ್ರಿ ಪ್ರಯಾಣದಲ್ಲಿ ತರಿಸಿ. ಕಳಿಸುವವರಿಗೆ ಅವರ ಟ್ಯಾಂಕಿನ ಉಪ್ಪಿನ ಅಂಶ ಎಷ್ಟು ಎಂದು ಮೊದಲೇ ಕೇಳಿ. ಎಷ್ಟೋ ಕಡೆ 1.020 ಅಥವಾ ಅದಕ್ಕೂ ಕಡಿಮೆ ಇಟ್ಟಿರುತ್ತಾರೆ. ಹೊಸ ಮೀನನ್ನು ಮೊದಲು ಬೇರೆ ಇಡುವ ಕ್ವಾರಂಟೈನ್ ಟ್ಯಾಂಕನ್ನು ಅಷ್ಟಕ್ಕೇ ಹೊಂದಿಸಿಟ್ಟರೆ ಅರ್ಧ ಕೆಲಸ ಮುಗಿಯಿತು.

ಚೀಲವನ್ನು ಬಿಚ್ಚದೆ 15, 20 ನಿಮಿಷ ನೀರಲ್ಲಿ ತೇಲಿಬಿಡಿ. ಬಿಚ್ಚಿದ ಮೇಲೆ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುತ್ತಾ ಕೂರಬೇಡಿ. ದೂರದಿಂದ ಬಂದ ಚೀಲದಲ್ಲಿ ಅಮೋನಿಯಾ ಸೇರಿರುತ್ತದೆ. ಮುಚ್ಚಿದ್ದಾಗ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಕೆಳಗಿರುತ್ತದೆ, ಅಮೋನಿಯಾ ಅಷ್ಟು ಸುಡುವುದಿಲ್ಲ. ಬಿಚ್ಚಿದ ಕೂಡಲೇ ಪಿಎಚ್ ಏರಿ ಅದು ವಿಷವಾಗುತ್ತದೆ. ಉಪ್ಪು ಹೊಂದಿದ್ದರೆ ಬೇಗ ಮೀನನ್ನು ಎತ್ತಿ ಬಿಡಿ, ಚೀಲದ ನೀರು ಚೆಲ್ಲಿ. ಆ ದಿನ ಲೈಟ್ ಹಾಕಬೇಡಿ. ಮುಂದಿನ ದಿನಗಳಲ್ಲಿ ಉಪ್ಪನ್ನು ನಿಧಾನವಾಗಿ ಏರಿಸಿ.

ಕ್ವಾರಂಟೈನ್ ಮಾಡಲೇಬೇಕಾ?

ಮಾಡಿ, ನಾಲ್ಕು ವಾರವಾದರೂ. ಅಲ್ಲಿ ಪಿವಿಸಿ ಪೈಪಿನ ತುಂಡುಗಳನ್ನು ಧಾರಾಳವಾಗಿ ಹಾಕಿ, ಬರಿಯ ಗಾಜಿನ ಪೆಟ್ಟಿಗೆಯಲ್ಲಿ ಈ ಮೀನು ಊಟ ಬಿಡುತ್ತದೆ. ತಾಮ್ರದ ಔಷಧಿ ಬೇಕಾದರೆ ಟೆಸ್ಟ್ ಕಿಟ್ ಹಿಡಿದು ಅಳೆಯುತ್ತಾ ನಿಧಾನವಾಗಿ ಏರಿಸಿ. ಮುಖ್ಯ ಟ್ಯಾಂಕಿಗೆ ತಾಮ್ರ ಎಂದೂ ಹಾಕಬೇಡಿ. ಸೀಗಡಿ, ಹವಳ, ಕೋಪಿಪಾಡ್ ಎಲ್ಲ ಸಾಯುತ್ತವೆ.

ಗಣಪತಿ ಹಬ್ಬ, ದೀಪಾವಳಿ ಸದ್ದಿಗೆ ಹೆದರುತ್ತಾ?

ಹೆದರುತ್ತದೆ. ಬೆಳಗಾವಿಯ ವಿಸರ್ಜನೆ ಮೆರವಣಿಗೆಯ ದಾರಿಯಲ್ಲಿ ಮನೆ ಇದ್ದರೆ ಗಾಜು ನಡುಗುವುದು ಕೈಗೇ ಗೊತ್ತಾಗುತ್ತದೆ. ಟ್ಯಾಂಕನ್ನು ಬೀದಿ ಕಡೆಯ ಗೋಡೆಗೆ ಇಡಬೇಡಿ, ಕೆಳಗೆ ದಪ್ಪ ಫೋಮ್ ಹಾಳೆ ಹಾಸಿ. ಆ ದಿನ ಎರಡು ಹೊತ್ತು ಊಟಕ್ಕೆ ಬರದಿದ್ದರೂ ಚಿಂತೆ ಬೇಡ.

ಸದ್ದಿಗಿಂತ ಹೊಗೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಮತ್ತು ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ಎಳೆಯುತ್ತವೆ. ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇ, ಧೂಪ, ಹೊಸ ಬಣ್ಣದ ವಾಸನೆ ಆ ಕೋಣೆಯಲ್ಲಿ ಬೇಡ.

ತೆಗೆದ ಉಪ್ಪುನೀರು ಗಿಡಕ್ಕೆ ಹಾಕಬಹುದಾ?

ಹಾಕಬೇಡಿ. ಸವಳು ಜವಳಾದ ಹೊಲ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಗಟಾರಕ್ಕೆ ಬಿಡಿ. ಆರ್‌ಓ ಯಂತ್ರ ಬಿಡುವ ನೀರು ನೆಲ ಒರೆಸಲು, ಸಂಡಾಸಿಗೆ ಆಗುತ್ತದೆ.

ನಾಲ್ಕು ದಿನ ಊರಿಗೆ ಹೋಗಬೇಕು. ಏನು ಮಾಡಲಿ?

ಕೋಪಿಪಾಡ್ ತುಂಬಿದ ಹಳೆಯ ಟ್ಯಾಂಕಿನಲ್ಲಿ ಹೊಟ್ಟೆ ತುಂಬಿದ ಪೊಸಮ್ ನಾಲ್ಕು ದಿನ ತಡೆದುಕೊಳ್ಳುತ್ತದೆ. ನೆರೆಯವರಿಗೆ ಊಟದ ಜವಾಬ್ದಾರಿ ಕೊಡುವುದಾದರೆ ಒಂದೊಂದು ದಿನದ್ದನ್ನು ಬೇರೆ ಬೇರೆ ಡಬ್ಬಿಯಲ್ಲಿ ಅಳೆದಿಡಿ, ಉಳಿದದ್ದು ಅವರ ಕೈಗೆ ಸಿಗದಂತೆ ಇಡಿ. ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ, ಅದರಿಂದಲೇ ನೀರು ಕೆಡುತ್ತದೆ. ಅವರು ತಪ್ಪದೆ ಮಾಡಬೇಕಾದ್ದು ನೀರು ತುಂಬುವ ಕೆಲಸ. ಗಾಜಿನ ಮೇಲೆ ಟೇಪಿನ ಗೆರೆ ಹಚ್ಚಿ, ಆ ಗೆರೆಯವರೆಗೆ ಆರ್‌ಓ ಡಿಐ ನೀರು ಹಾಕಿ ಎಂದು ಹೇಳಿ ಹೋಗಿ. ಮೀನು ಕಾಣಲಿಲ್ಲ ಎಂದು ಅವರು ಫೋನ್ ಮಾಡಿದರೆ, ಕಲ್ಲು ಮಾತ್ರ ಎತ್ತಬೇಡಿ ಎಂದು ಹೇಳಿ.